ಮಳೆಗೆ ಹೋಗಬೇಕಾದ ಕಟ್ಟ

ಕಡಬ
12 ಜನವರಿ 2025

ಪ್ರೇಮಕ್ಕನಿಗೆ,

ಫೋನಿನಲ್ಲಿ ನಿಮಗೆ ಏನೂ ಕೇಳಿಸುವುದಿಲ್ಲ ಎಂದು ನಾವು ಹೊರಡುವ ದಿನ ನೀವೇ ಹೇಳಿದಿರಿ. "ಬರೆಯಿರಿ ಟೀಚರ್, ಓದುದು ನನಗೆ ಬೇಗ ಆಗ್ತದೆ" ಎಂದಿರಿ. ಹಾಗಾಗಿ ಬರೆಯುತ್ತಿದ್ದೇನೆ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸಿದ್ದೇನೆ. ಒಬ್ಬರು ಕಾಯುತ್ತಿದ್ದಾರೆಂದು ತಿಳಿದು ಬರೆದದ್ದು ಕಡಿಮೆ.

ಹನ್ನೊಂದು ಮಕ್ಕಳೂ ನಾನೂ ಸುಖವಾಗಿ ಮುಟ್ಟಿದೆವು. ಎಲ್ಲರ ಅಂಗೈಯಲ್ಲೂ ಬೊಕ್ಕೆ. ಭಾನುವಾರ ಚರ್ಚಿನ ಅಂಗಳದಲ್ಲಿ ಅದನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಹೊಳೆಗೆ ಅಡ್ಡ ಕಲ್ಲು, ಮಣ್ಣು, ಸೊಪ್ಪು ಇಟ್ಟು ನೀರು ನಿಲ್ಲಿಸುವುದು ನಿಮಗೆ ಪ್ರತಿ ಡಿಸೆಂಬರಿನ ಕೆಲಸ. ರಬ್ಬರ್ ಗುಡ್ಡದ ನಮ್ಮ ಮಕ್ಕಳು ಕಟ್ಟ ಎಂಬ ಮಾತನ್ನೇ ಮೊದಲ ಸಲ ಕೇಳಿದ್ದು.

ನಮ್ಮ ಯುವಜನ ಸಂಘ ಕ್ರಿಸ್ಮಸ್ ರಜೆಯಲ್ಲಿ ಎಂಟು ದಿನ ಯಾವುದಾದರೂ ಊರಿಗೆ ಸೇವೆಗೆ ಹೋಗುತ್ತದೆ. ನನಗೆ ಇದು ಹದಿನಾಲ್ಕನೆಯ ಕ್ಯಾಂಪು. ಬಂದ ಮೇಲೆ ಎಲ್ಲರೂ ತಾವು ಬದಲಾದೆವು ಎನ್ನುತ್ತಾರೆ, ಫೆಬ್ರವರಿಯ ಹೊತ್ತಿಗೆ ಮೊದಲಿನಂತೆಯೇ ಇರುತ್ತಾರೆ. ನಾನು ಇದಕ್ಕೆ ಒಗ್ಗಿಹೋಗಿದ್ದೆ. ಈ ಸಲ ಡೋನಾಳನ್ನು ನೋಡಿದ ಮೇಲೆ ಹಾಗೆ ಹೇಳಲಾರೆ.

ನಿಮ್ಮ ಒಳಕೋಣೆಯಲ್ಲಿ ಮಲಗುತ್ತಿದ್ದ ಹುಡುಗಿ. ನಿಮ್ಮಲ್ಲಿ ಅವಳು ನಗುತ್ತಿದ್ದಳು. ಇಲ್ಲಿ, ಸೆಕೆಂಡ್ ಪಿಯುಸಿ ಫೇಲಾದ ಮೇಲೆ ಒಂದೂವರೆ ವರ್ಷ ಯಾರೊಡನೆಯೂ ಸರಿಯಾಗಿ ಮಾತಾಡಿದವಳಲ್ಲ. ಕ್ಯಾಂಪಿನ ಬಗ್ಗೆ ಯಾರಾದರೂ ಹೇಳಿ ಎಂದು ಫಾದರ್ ಕೇಳಿದಾಗ ತಾನಾಗಿ ಎದ್ದಳು. "ನಾನು ಇಷ್ಟರವರೆಗೆ ಮಾಡಿದ್ದು ಯಾವುದೂ ನಿಲ್ಲಲಿಲ್ಲ. ಮಂಡೆಕೋಲಿನ ಹೊಳೆಯಲ್ಲಿ ಒಂದು ನಿಂತಿದೆ" ಎಂದಳು. ಅಷ್ಟೇ ಹೇಳಿ ಕೂತಳು. ಅವಳ ತಾಯಿ ಅಳುವುದನ್ನು ನಾನು ನೋಡದ ಹಾಗೆ ಮಾಡಿದೆ.

ನೀರು ತುಂಬಿದ ಕಟ್ಟದ ಒಂದು ಫೋಟೊ ಕಳಿಸಲಾಗುತ್ತದೆಯೇ? ಕೊನೆಯ ದಿನ ನೀವೆಲ್ಲ ಮದುವೆಗೆ ಹೋಗಿದ್ದಾಗ ನಡುವಿನ ಭಾಗವನ್ನು ನಾವೇ ಮುಗಿಸಿದ್ದೆವು. ಅದು ಹೇಗಿದೆ ಎಂದು ನೋಡುವ ಆಸೆ.

ನಿಮ್ಮ
ಲಿಸ್ಸಿ


ಮಂಡೆಕೋಲು
30 ಜನವರಿ 2025

ಲಿಸ್ಸಿ ಟೀಚರಿಗೆ,

ಪತ್ರ ಬಂದು ವಾರವಾಯಿತು. ಎರಡು ಸಲ ಓದಿದೆ. ಅಂಗನವಾಡಿಯಲ್ಲಿ ಇದ್ದಾಗ ಇಲಾಖೆಯಿಂದ ಕಾಗದ ಬರುತ್ತಿತ್ತು. ಹೆಸರು ಬರೆದು ಬರುವುದು ಬೇರೆ.

ಕಟ್ಟ ತುಂಬಿದೆ. ಬಾವಿಯಲ್ಲಿ ನೀರು ಕಳೆದ ವರ್ಷಕ್ಕಿಂತ ಎರಡು ರಿಂಗು ಮೇಲೆ ಉಂಟು. ಆಚೆ ದಡದ ಮಮ್ಮು ದಿನಾ ಬೆಳಿಗ್ಗೆ ಹೊಳೆ ದಾಟುವ ಕಾಲುಸಂಕದ ಮೇಲೆ ನಿಂತು ನೀರು ನೋಡಿ ಹೋಗುತ್ತಾನೆ. ಅವನ ಬಾಳೆಗೂ ಇದೇ ನೀರು. ಈ ಫೋಟೊ ಅವನ ಫೋನಿನದ್ದು, ಸುಳ್ಯಕ್ಕೆ ಹೋದಾಗ ಪ್ರಿಂಟ್ ಮಾಡಿಸಿ ತಂದ. ಮೂಲೆಯಲ್ಲಿರುವ ಕಪ್ಪು ಅವನ ಬೆರಳು. "ನನ್ನದೂ ಒಂದು ಫೋಟೊ ಚರ್ಚಿನ ಪುಸ್ತಕದಲ್ಲಿ ಬರ್ಲಿ" ಎನ್ನುತ್ತಾನೆ.

ನಮ್ಮವರು ಮೊನ್ನೆ ನಡುಭಾಗಕ್ಕೆ ಕೋಲು ಹಾಕಿ ನೋಡಿದರು. "ಇದೆಂತ, ಇಷ್ಟು ಗಟ್ಟಿ" ಎಂದರು. ನಿಮಗೆ ಅವರ ಮಾತು ಗೊತ್ತಲ್ಲ, ವರ್ಷದ್ದು ಪೂರಾ ಒಂದು ಚೀಟಿಯಲ್ಲಿ ಬರೆಯಬಹುದು.

ಡೋನಾ ಊಟಕ್ಕೆ ಮೊದಲು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ನನಗೆ ಕಿವಿಗಿಂತ ತುಟಿ ಹೆಚ್ಚು ಕೇಳುತ್ತದೆ. ನಮ್ಮ ಮನೆಯ ಎಲ್ಲರ ಹೆಸರನ್ನೂ ಹೇಳುತ್ತಿದ್ದಳು, ಕೊನೆಗೆ ದನದ್ದೂ. ಅವಳಿಗೆ ನಾನು ಇದನ್ನು ಹೇಳಿಲ್ಲ. ನೀವೂ ಹೇಳಬೇಡಿ.

ಪ್ರೇಮಾವತಿ


ಕಡಬ
2 ಮಾರ್ಚ್ 2025

ಪ್ರೇಮಕ್ಕನಿಗೆ,

ಫೋಟೊವನ್ನು ಚರ್ಚಿನ ವಾರ್ಷಿಕ ಸಂಚಿಕೆಯಲ್ಲಿ ಹಾಕಿದ್ದಾರೆ, ಮಮ್ಮುವಿನ ಬೆರಳನ್ನೂ ಸೇರಿಸಿ. ಜತ್ತಪ್ಪ ಗೌಡರು "ಇಷ್ಟು ಗಟ್ಟಿ" ಎಂದದ್ದನ್ನು ಮಕ್ಕಳ ಸಭೆಯಲ್ಲಿ ಓದಿದೆ. ಅವರಿಂದ ಹೊಗಳಿಕೆ ಪಡೆಯುವುದು ಎಷ್ಟು ಕಷ್ಟ ಎಂದು ಎಲ್ಲರಿಗೂ ಗೊತ್ತು. ಚಪ್ಪಾಳೆ ಹೊಡೆದರು.

ಡೋನಾ ಈ ತಿಂಗಳು ಮತ್ತೆ ಪರೀಕ್ಷೆ ಬರೆಯುತ್ತಾಳೆ. ಪಾಸಾದರೆ ಪುತ್ತೂರಿನಲ್ಲಿ ಸಮಾಜಕಾರ್ಯದ ಡಿಗ್ರಿಗೆ ಸೇರುತ್ತಾಳಂತೆ. ಡಿಸೆಂಬರಿನ ಕ್ಯಾಂಪು ಮತ್ತೆ ನಿಮ್ಮಲ್ಲಿಗೇ, ಅವಳೇ ಲೀಡರ್ ಎಂದು ಮಕ್ಕಳು ತೀರ್ಮಾನಿಸಿದ್ದಾರೆ. ಕಟ್ಟದ ಫೋಟೊವನ್ನು ಅವಳು ಓದುವ ಮೇಜಿನ ಮೇಲೆ ಅಂಟಿಸಿಕೊಂಡಿದ್ದಾಳೆ.

ನನ್ನದೊಂದು ವಿಷಯ ಬರೆಯಲೇ? ಹದಿನಾಲ್ಕು ಊರುಗಳಿಗೆ ಹೋಗಿದ್ದೇನೆ. ಶಾಲೆಯ ಗೋಡೆಗೆ ಬಣ್ಣ ಬಳಿದದ್ದು, ಬಾವಿಕಟ್ಟೆ ಸರಿಮಾಡಿದ್ದು, ದಾರಿಗೆ ಮಣ್ಣು ಹಾಕಿದ್ದು. ನಿಮ್ಮದು ಬಿಟ್ಟರೆ ಯಾವ ಊರಿನಿಂದಲೂ ಆಮೇಲೆ ಒಂದು ಮಾತು ಬರಲಿಲ್ಲ. ಬರಬೇಕೆಂದೇನೂ ಇಲ್ಲ, ಸೇವೆ ಎಂದ ಮೇಲೆ ಮುಗಿಯಿತು. ಆದರೂ ನಿಮ್ಮ ಪತ್ರವನ್ನು ಬೈಬಲಿನೊಳಗೆ ಇಟ್ಟಿದ್ದೇನೆ, ಮತ್ತು ಅದನ್ನು ಅಲ್ಲಿ ಯಾಕೆ ಇಟ್ಟೆ ಎಂದು ಯೋಚಿಸುತ್ತಿದ್ದೇನೆ.

ಲಿಸ್ಸಿ


ಕಡಬ
20 ಜೂನ್ 2025

ಪ್ರೇಮಕ್ಕನಿಗೆ,

ಮಾರ್ಚಿನ ಪತ್ರ ತಲುಪಲಿಲ್ಲವೋ ಏನೋ. ಈ ವರ್ಷ ಮಳೆ ಮೇ ತಿಂಗಳಲ್ಲೇ ಶುರುವಾಯಿತು, ಇಲ್ಲಿ ಎರಡು ವಾರ ಕರೆಂಟೇ ಇರಲಿಲ್ಲ. ನಿಮ್ಮ ಕಡೆ ಎಲ್ಲ ಸೌಖ್ಯವೇ?

ಡೋನಾ ಪಾಸಾದಳು. ಕಾಲೇಜಿಗೆ ಸೇರಿದಳು. ಅರ್ಜಿಯಲ್ಲಿ ಕಟ್ಟದ ಬಗ್ಗೆ ಒಂದು ಪುಟ ಬರೆದಿದ್ದಾಳೆ, ನಾನು ಎರಡು ಅಕ್ಷರ ತಿದ್ದಿದ್ದು ಬಿಟ್ಟರೆ ಎಲ್ಲ ಅವಳದೇ. ಭಾನುವಾರ ಬಂದರೆ ಅವಳ ಮೊದಲ ಮಾತು, "ಟೀಚರ್, ಮಂಡೆಕೋಲಿಂದ ಎಂತಾದ್ರೂ ಬಂತಾ?"

ಎರಡು ಸಾಲು ಸಾಕು.

ಲಿಸ್ಸಿ


ಮಂಡೆಕೋಲು
5 ಜುಲೈ 2025

ಲಿಸ್ಸಿ ಟೀಚರಿಗೆ,

ನಾವು ಸೌಖ್ಯ. ಮಳೆ ಜೋರು ಉಂಟು. ಕಟ್ಟ ಈಗ ಇಲ್ಲ, ಮಳೆಗಾಲದಲ್ಲಿ ಇರುವುದೂ ಇಲ್ಲ. ಡೋನಾ ಪಾಸಾದದ್ದು ನಮ್ಮವರಿಗೂ ಸಂತೋಷ.

ಡಿಸೆಂಬರಿನಲ್ಲಿ ಮಕ್ಕಳು ಬೇರೆ ಊರಿಗೆ ಹೋದರೆ ಒಳ್ಳೆಯದು. ನಮ್ಮಲ್ಲಿ ಈ ಸಲ ಕೆಲಸಕ್ಕೆ ಜನ ಇದ್ದಾರೆ.

ಪ್ರೇಮಾವತಿ


ಕಡಬ
18 ಜುಲೈ 2025

ಪ್ರೇಮಕ್ಕನಿಗೆ,

ನಿಮ್ಮ ಪತ್ರದಲ್ಲಿ ಐದಾರು ಸಾಲುಗಳಿದ್ದವು. ನಾನು ಅದನ್ನು ಐವತ್ತು ಸಲ ಓದಿರಬೇಕು.

ಯಾರಾದರೂ ಏನಾದರೂ ಹೇಳಿದರೇ? ಚರ್ಚಿನವರು ಯಾಕೆ ಬರುವುದು, ಬಂದರೆ ಸುಮ್ಮನೆ ಬರುತ್ತಾರೆಯೇ ಎಂದು ಕೇಳುವವರು ಈಗ ಎಲ್ಲ ಕಡೆ ಇದ್ದಾರೆ. ಅದಕ್ಕೇ ನಿಮ್ಮ ಊರಿನಲ್ಲಿ ಜೋರಾಗಿ ಹಾಡಬೇಡಿ, ಪ್ರಾರ್ಥನೆಯ ಮಾತು ಎತ್ತಬೇಡಿ ಎಂದು ಮಕ್ಕಳಿಗೆ ಹೇಳಿಯೇ ಕರೆತಂದಿದ್ದೆ. ಮಾತು ಬಂದಿದ್ದರೆ ಬರೆಯಿರಿ. ಸಂಕೋಚ ಬೇಡ. ನಾವು ದೂರ ಉಳಿಯುತ್ತೇವೆ.

ಡೋನಾಗೆ ಕಾಗದ ತೋರಿಸಿದೆ. ಅವಳು ನನ್ನ ಹಾಗೆ ಯೋಚಿಸಲಿಲ್ಲ. "ಕಟ್ಟಕ್ಕೆ ಎಂತದೋ ಆಗಿದೆ ಟೀಚರ್. ನಾನು ಹೋಗಿ ನೋಡ್ತೇನೆ" ಎಂದಳು. ಬೇಡ ಎನ್ನಲು ನನ್ನಲ್ಲಿ ಕಾರಣವಿತ್ತು, ಬಾಯಿಗೆ ಬರಲಿಲ್ಲ.

ಲಿಸ್ಸಿ


ಮಂಡೆಕೋಲು
3 ಆಗಸ್ಟ್ 2025

ಲಿಸ್ಸಿ ಟೀಚರಿಗೆ,

ಡೋನಾ ಹೋದ ಭಾನುವಾರ ಬಂದಿದ್ದಳು. ಎರಡು ಬಸ್ಸು, ಒಂದು ಜೀಪು, ಮತ್ತೆ ಮಳೆಯಲ್ಲಿ ನಡೆದು. ಇನ್ನು ನಾನು ಬರೆಯದಿದ್ದರೆ ತಪ್ಪು.

ನಮ್ಮಲ್ಲಿ ಯಾರೂ ಯಾವ ಮಾತೂ ಹೇಳಿಲ್ಲ. ಹಾಗೆ ಯೋಚಿಸಿ ನೀವು ಸುಮ್ಮನೆ ನೊಂದುಕೊಂಡಿರಿ.

ಕಟ್ಟ ಮಳೆಗೆ ಹೋಗಬೇಕು. ಮೊದಲ ದೊಡ್ಡ ನೀರು ಬರುವಾಗ ಮಣ್ಣು ಸೊಪ್ಪು ತೊಳೆದು ಹೋಗುತ್ತದೆ, ಕಲ್ಲು ಅಲ್ಲಲ್ಲೇ ಬೀಳುತ್ತದೆ, ಡಿಸೆಂಬರಿನಲ್ಲಿ ಅದನ್ನೇ ಹೆಕ್ಕಿ ಮತ್ತೆ ಕಟ್ಟುವುದು. ನಿಮ್ಮದು ಹೋಗಲಿಲ್ಲ. ನಡುವಿನಲ್ಲಿ ಸಿಮೆಂಟು ಹಿಡಿದು ನಿಂತಿತು. ಮೇ ಕೊನೆಗೆ ನೀರು ಬಂದಾಗ ಹೊಳೆಗೆ ದಾರಿ ಇಲ್ಲದೆ ಮಮ್ಮುವಿನ ದಡ ಕೊರೆಯಿತು. ಕಾಲುಸಂಕ ಹೋಯಿತು. ಅವನ ಎಪ್ಪತ್ತು ಬಾಳೆ ಮಣ್ಣಿನ ಜೊತೆ ಹೋಯಿತು. ಎಂಟು ಜನ ಹಗ್ಗ ಕಟ್ಟಿಕೊಂಡು ಹಾರೆ ಹಾಕಿ ಅರ್ಧ ದಿನ ಒಡೆದರು. ಯಾರಿಗೂ ಪೆಟ್ಟಾಗಲಿಲ್ಲ.

ಬರೆಯಲಿಲ್ಲ ಯಾಕೆಂದರೆ ಆ ಹುಡುಗಿ ಚರ್ಚಿನಲ್ಲಿ ಎದ್ದು ಹೇಳಿದ ಮಾತು ನಿಮ್ಮ ಮೊದಲ ಪತ್ರದಲ್ಲಿತ್ತು. ಬೇರೆ ಊರಿಗೆ ಹೋದರೆ ಅವಳಿಗೆ ಗೊತ್ತಾಗುವುದೇ ಇಲ್ಲ ಎಂದುಕೊಂಡೆ.

ಬಂದವಳು ನೇರ ಹೊಳೆ ಬದಿಗೆ ಹೋದಳು. ಆಚೆಯಿಂದ ಮಮ್ಮು ಕೂಗಿದ್ದನ್ನು ನಮ್ಮವರು ಆಮೇಲೆ ನನಗೆ ಹೇಳಿದರು. "ಎಂತ ಡೋನಾ ಮೇಸ್ತ್ರಿ, ರಿಪೇರಿಗೆ ಬಂದದ್ದಾ? ನಿಮ್ಮ ಕಟ್ಟ ಒಂದು ಚೂರು ಅಲ್ಲಾಡ್ಲಿಲ್ಲ ಮಾರಾಯ್ತಿ, ನನ್ನ ತೋಟವೇ ಅಲ್ಲಾಡಿತು!" ಅವನಿಗೆ ತಮಾಷೆ ಮಾಡದೆ ಮಾತಾಡಲು ಬರುವುದಿಲ್ಲ. ಅವಳ ಮುಖ ನೋಡಿದ ಮೇಲೆ ಅವನೂ ತೋಟದ ಕಡೆ ತಿರುಗಿದ.

ಜಗಲಿಯಲ್ಲಿ ಕೂತು ನಮ್ಮವರಿಗೆ ಹೇಳಿದಳು. ತುಟಿ ನಾನು ಸರಿಯಾಗಿ ನೋಡಿದ್ದೇನೆ. "ಸಿಮೆಂಟ್ ಹಾಕಿದ್ದು ನಾನು. ನನ್ನದೇ ಐಡಿಯಾ. ಬೇರೆ ಯಾರದ್ದೂ ಅಲ್ಲ."

"ಆಯ್ತು ಮಗಳೇ, ಹಾಕಿ ಆಯ್ತು, ಒಡೆದೂ ಆಯ್ತು. ಚಾ ಕುಡಿ" ಎಂದರು ಇವರು.

ಕುಡಿಯಲಿಲ್ಲ. ಮೂರೂವರೆಯ ಜೀಪಿಗೆ ಹೋದಳು. ಅವಳನ್ನು ಸ್ವಲ್ಪ ನೋಡಿಕೊಳ್ಳಿ.

ಪ್ರೇಮಾವತಿ


ಕಡಬ
14 ಸೆಪ್ಟೆಂಬರ್ 2025

ಪ್ರೇಮಕ್ಕನಿಗೆ,

ಆರು ವಾರ ಈ ಪತ್ರವನ್ನು ಬರೆಯುತ್ತಾ ಹರಿಯುತ್ತಾ ಇದ್ದೆ.

ಮಕ್ಕಳ ಸಭೆಯಲ್ಲಿ ಡೋನಾ ಎದ್ದು, ಮಂಡೆಕೋಲಿನಲ್ಲಿ ತನ್ನಿಂದ ನಷ್ಟವಾಯಿತು, ತಾನು ಲೀಡರ್ ಆಗುವುದಿಲ್ಲ ಎಂದಳು. ಈಗ ಚರ್ಚಿಗೆ ಬರುತ್ತಿಲ್ಲ. ಎರಡು ವಾರದಿಂದ ಕಾಲೇಜಿಗೂ ಹೋಗುತ್ತಿಲ್ಲವಂತೆ. ಮೇಜಿನ ಫೋಟೊ ತೆಗೆದಿದ್ದಾಳೆ ಎಂದು ಅವಳ ತಾಯಿ ಹೇಳಿದರು. ಆ ಸಭೆಯಲ್ಲಿ ನಾನು ಎರಡನೆಯ ಬೆಂಚಿನಲ್ಲಿ ಕೂತಿದ್ದೆ. ನಾನು ಏನೂ ಹೇಳಲಿಲ್ಲ.

ಸಿಮೆಂಟು ತಂದದ್ದು ನಾನು. ನೀವು ಮದುವೆಗೆ ಹೋದ ದಿನ ಜಾಲ್ಸೂರಿನಿಂದ ಆಟೋದಲ್ಲಿ ಮೂರು ಚೀಲ ತರಿಸಿದೆ. ಉಳಿದ ಮಕ್ಕಳನ್ನು ಸೊಪ್ಪು ಕಡಿಯಲು ಗುಡ್ಡಕ್ಕೆ ಕಳಿಸಿದ್ದೆ. ಡೋನಾ ಕೇಳಿದ್ದಳು, "ಜತ್ತಪ್ಪ ಮಾಮನ ಹತ್ರ ಒಂದು ಮಾತು ಕೇಳುದು ಬೇಡ್ವಾ ಟೀಚರ್?" ಬಂದಾಗ ಅವರಿಗೆ ಆಶ್ಚರ್ಯವಾಗಲಿ ಎಂದೆ. ಅವಳು ಕಲಸಿದಳು. ಮೇಲೆ ಮಣ್ಣು ಬಳಿದು ಮುಚ್ಚಲು ಹೇಳಿದ್ದೂ ನಾನೇ. ಆಶ್ಚರ್ಯವಾಗಬೇಕಾದದ್ದನ್ನು ಯಾಕೆ ಮುಚ್ಚಿದೆ ಎಂದು ಅವಳು ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಸಂಜೆ ನೀವು ಬಂದಾಗ ಹೇಳುವವಳಿದ್ದೆ. ನೀವು ಮದುವೆಯ ಲಾಡು ತಂದಿರಿ, ಎಲ್ಲರೂ ನಗುತ್ತಿದ್ದಿರಿ, ಮರುದಿನ ನಾವು ಹೊರಟೆವು.

ಗೊತ್ತಿರಲಿಲ್ಲ ಎಂದು ಹೇಳಲಾರೆ. ಮೊದಲ ದಿನವೇ ಗೌಡರು, "ಇದು ಮಳೆಗೆ ಹೋಗ್ಬೇಕು" ಎಂದಿದ್ದರು. ನಾನು ಅದನ್ನು ಬಡತನ ಎಂದುಕೊಂಡೆ. ಪಾಪ, ಪ್ರತಿ ವರ್ಷ ಕಟ್ಟುತ್ತಾರೆ, ಪ್ರತಿ ವರ್ಷ ಹೋಗುತ್ತದೆ, ಗಟ್ಟಿ ಮಾಡಿಕೊಡುವವರು ಯಾರೂ ಇಲ್ಲ ಎಂದುಕೊಂಡೆ. ಬೇರೆಯವರ ಮನೆಗೆ ಹೋಗಿ ಅವರಿಗೆ ಏನು ಕಡಿಮೆಯಿದೆ ಎಂದು ಹುಡುಕುವ ಕಣ್ಣು ಹದಿನಾಲ್ಕು ವರ್ಷಗಳಲ್ಲಿ ಬಂದಿರಬೇಕು. ಅದರ ಹಿಂದೆ ಇನ್ನೊಂದು ಇತ್ತು. ನಾನು ಮಾಡಿದ್ದು ಎಲ್ಲಾದರೂ ಒಂದು ಕಡೆ ಉಳಿಯಲಿ ಎಂಬ ಆಸೆ. ಡೋನಾ ಚರ್ಚಿನಲ್ಲಿ ಹೇಳಿದ ಮಾತು ನನ್ನದೂ ಆಗಿತ್ತು. ಅವಳಿಗೆ ಹತ್ತೊಂಬತ್ತು, ನನಗೆ ಐವತ್ತೊಂದು.

ಅವಳು ನನ್ನ ತಪ್ಪನ್ನು ಯಾಕೆ ಹೊತ್ತಳೋ ಗೊತ್ತಿಲ್ಲ. ಕೇಳಲು ಧೈರ್ಯವಿಲ್ಲ. ನಿಮಗಾದರೂ ಹೇಳಿದೆ.

ಲಿಸ್ಸಿ


ಮಂಡೆಕೋಲು
28 ಸೆಪ್ಟೆಂಬರ್ 2025

ಲಿಸ್ಸಿ ಟೀಚರಿಗೆ,

ನಮಗೆ ಗೊತ್ತಿತ್ತು. ಆಟೋದಿಂದ ಚೀಲ ಇಳಿಸಿದ್ದನ್ನು ಮಮ್ಮುವಿನ ಹೆಂಡತಿ ಝೈನಬ ಆಚೆಯಿಂದ ನೋಡಿದ್ದಳು. ಏನೋ ಮನೆಗೆ ತಂದದ್ದು ಎಂದುಕೊಂಡಳಂತೆ. ಕಟ್ಟ ಒಡೆಯಲು ಹಾರೆ ಹಾಕುವಾಗ ಅವಳಿಗೆ ನೆನಪಾಯಿತು. ಹುಡುಗಿ ನಮ್ಮ ಜಗಲಿಯಲ್ಲಿ ಕೂತು ತನ್ನದೇ ಐಡಿಯಾ ಎಂದ ಮೇಲೆ ನಾವಿಬ್ಬರೂ ನೆಲ ನೋಡಿದೆವು. ನಮ್ಮ ತಪ್ಪೂ ಅದೇ ಆಯಿತಲ್ಲ. ಅಲ್ಲೇ ಹೇಳಬಹುದಿತ್ತು.

ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಸುಳ್ಳು ಹೇಳುವುದಿಲ್ಲ. ಈಗ ಅಷ್ಟಿಲ್ಲ.

ಮಾಡಿದ್ದು ಉಳಿಯಬೇಕು ಎಂದು ನೀವು ಬರೆದಿದ್ದೀರಿ. ನಮ್ಮವರಿಗೂ ಮಮ್ಮುವಿಗೂ ಹನ್ನೊಂದು ವರ್ಷದಿಂದ ಬೇಲಿಯ ಜಗಳ ಉಂಟು. ವರ್ಷವಿಡೀ ಮಾತಿಲ್ಲ, ಹೇಳುವುದಿದ್ದರೆ ನನಗೆ ಹೇಳಿ ಹೋಗುವುದು. ಕಟ್ಟದ ಎಂಟು ದಿನ ಮಾತ್ರ ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಾರೆ. "ನಿನ್ನ ಕಲ್ಲು ಓರೆ ಉಂಟು ಮಾರಾಯ", "ನಿನ್ನ ಕಣ್ಣೇ ಓರೆ" ಎಂದು ಬೈದುಕೊಳ್ಳುತ್ತಾರೆ. ಕಟ್ಟ ಗಟ್ಟಿ ಆಗಿ ಉಳಿದರೆ ಇವರು ಮತ್ತೆ ಮಾತಾಡುವುದು ಯಾವಾಗ? ನೀವು ಎಂಟು ದಿನ ಇಲ್ಲಿದ್ದಿರಿ, ಅವರು ಸ್ನೇಹಿತರೆಂದೇ ತಿಳಿದಿರಬೇಕು.

ನನಗೆ ಹೇಳಿದ್ದು ನಿಮಗೆ ಸುಲಭ ಟೀಚರ್. ನಾನು ದೂರ ಇದ್ದೇನೆ, ಅದಲ್ಲದೆ ಕಿವಿ ಕೇಳುವುದಿಲ್ಲ. ಹೇಳಬೇಕಾದದ್ದು ಆ ಹುಡುಗಿಗೆ. ಆಮೇಲೆ ಅವಳು ತಪ್ಪು ಒಪ್ಪಿಕೊಂಡ ಜಾಗದಲ್ಲಿ, ಅದೇ ಜನರ ಎದುರು.

ಅದು ಆಗುವವರೆಗೆ ನನಗೆ ಬರೆಯಬೇಡಿ.

ಪ್ರೇಮಾವತಿ


ಕಡಬ
19 ಅಕ್ಟೋಬರ್ 2025

ಪ್ರೇಮಕ್ಕನಿಗೆ,

ಹೇಳಿದೆ.

ಮೊದಲು ಅವಳ ಮನೆಗೆ ಹೋದೆ. ರಬ್ಬರ್ ಶೀಟಿನ ಶೆಡ್ಡಿನಲ್ಲಿ ಒಬ್ಬಳೇ ಮೆಷಿನ್ ತಿರುಗಿಸುತ್ತಿದ್ದಳು. ನಾನು ಬಂದದ್ದು ಗೊತ್ತಾದರೂ ನಿಲ್ಲಿಸಲಿಲ್ಲ. ಆ ಸದ್ದಿನಲ್ಲೇ ಹೇಳಬೇಕಾಯಿತು. ಕೇಳಿಸಿತೋ ಇಲ್ಲವೋ ಎಂದು ಎರಡನೆಯ ಸಲವೂ ಹೇಳಿದೆ.

"ಒಂದೇ ಸಲಕ್ಕೆ ಕೇಳಿದೆ ಟೀಚರ್" ಎಂದಳು. "ಸಿಮೆಂಟ್ ನನಗೆ ದೊಡ್ಡದಲ್ಲ. ಕಲಸಿದ್ದು ನಾನೇ ಅಲ್ವಾ. ಅವರ ಜಗಲಿಯಲ್ಲಿ ಕೂತು ನಿಮ್ಮ ಹೆಸರು ಹೇಳ್ಲಿಕ್ಕೆ ಆಗ್ಲಿಲ್ಲ. ಪ್ರೇಮಕ್ಕ ನಿಮ್ಮ ಕಾಗದ ಎಲ್ಲ ಅಕ್ಕಿ ಡಬ್ಬದ ಮೇಲೆ ಜೋಡಿಸಿ ಇಟ್ಟಿದ್ರು. ಮನೆಗೆ ಬಂದ ಮೇಲೆ ನೀವೇ ಹೇಳ್ತೀರಿ ಅಂತ ಕಾದೆ. ಸಭೆಯಲ್ಲಿ ಮಾತಾಡುವಾಗ ನಿಮ್ಮನ್ನೇ ನೋಡ್ತಾ ಇದ್ದೆ."

"ನಾನು ನೆಲ ನೋಡ್ತಿದ್ದೆ."

"ಗೊತ್ತುಂಟು."

ಆಮೇಲೆ ಒಂದು ಶೀಟನ್ನು ನನ್ನ ಕಡೆ ನೀಡಿದಳು. ಹಿಡಿದುಕೊಂಡೆ. ಹಗ್ಗದ ಮೇಲೆ ಹಾಕಿದೆವು. ಹೀಗೆ ಹತ್ತು ಹದಿನೈದು ಶೀಟು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಭಾನುವಾರ ಮಕ್ಕಳ ಸಭೆಯಲ್ಲಿ ಎದ್ದು ಎಲ್ಲವನ್ನೂ ಹೇಳಿದೆ. ಡೋನಾ ಹಿಂದಿನ ಬೆಂಚಿನಲ್ಲಿದ್ದಳು. ಹೊರಗೆ ಬಂದಾಗ ನಮ್ಮ ಚರ್ಚಿನ ಹಿರಿಯರೊಬ್ಬರು, "ಟೀಚರ್, ಅದು ಯಾವ ಕಂಪೆನಿಯ ಸಿಮೆಂಟ್? ನನ್ನ ಟೆರೇಸಿಗೂ ಬೇಕಿತ್ತು" ಎಂದರು. ನಗು ಬಂತು, ಮತ್ತೆ ನಿಲ್ಲಲೇ ಇಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಎದ್ದು ನೋಡುವಾಗ ಡೋನಾ ಹೋಗಿಯಾಗಿತ್ತು.

ಸೋಮವಾರದಿಂದ ಅವಳು ಕಾಲೇಜಿಗೆ ಹೋಗುತ್ತಿದ್ದಾಳೆ. ನನ್ನ ಮಾತಿನಿಂದಲೋ, ಪರೀಕ್ಷೆ ಹತ್ತಿರ ಬಂದದ್ದರಿಂದಲೋ. ನನ್ನ ಜೊತೆ ಮಾತಾಡುವುದಿಲ್ಲ. ಎದುರು ಸಿಕ್ಕಿದರೆ ತಲೆಯಾಡಿಸುತ್ತಾಳೆ.

ಈ ವರ್ಷದ ಕ್ಯಾಂಪು ಈಶ್ವರಮಂಗಲದ ಕಡೆಗೆ. ನಾನು ಹೋಗುವುದಿಲ್ಲ. ಹೋಗಬಾರದೆಂದು ಯಾರೂ ಹೇಳಿಲ್ಲ. ಮಮ್ಮುವಿಗೆ ಬಾಳೆಯ ಗಡ್ಡೆ ಕಳಿಸಬಹುದೇ? ಕೇಳಿ ಕಳಿಸೋಣ ಎಂದುಕೊಂಡೆ.

ಲಿಸ್ಸಿ


ಮಂಡೆಕೋಲು
14 ಡಿಸೆಂಬರ್ 2025

ಲಿಸ್ಸಿ ಟೀಚರಿಗೆ,

ಕಳಿಸಿ ಎಂದು ನಾನು ಕಾರ್ಡ್ ಹಾಕಿದ್ದಕ್ಕೆ ಬಾಳೆಗಡ್ಡೆ ಬಂದು ಮುಟ್ಟಿತು. ನೇಂದ್ರವೇ ಯಾಕೆ, ಕದಳಿ ಆಗಬಹುದಿತ್ತಲ್ಲ ಎಂದು ಮಮ್ಮು ಹೇಳಿದ. ನೆಟ್ಟಿದ್ದಾನೆ.

ನಿನ್ನೆಯಿಂದ ಕಟ್ಟದ ಕೆಲಸ ಶುರುವಾಗಿದೆ. ಹೇಳದೆ ಕೇಳದೆ ಶುಕ್ರವಾರ ಸಂಜೆಯ ಜೀಪಿನಲ್ಲಿ ಡೋನಾ ಬಂದಿಳಿದಳು. ಕ್ಯಾಂಪು ಇಲ್ಲ, ಸಂಘ ಇಲ್ಲ, ಹೆಗಲಲ್ಲಿ ಒಂದು ಚೀಲ. "ಸೊಪ್ಪು ಕಡಿಲಿಕ್ಕೆ ಆದ್ರೂ ಸೇರಿಸಿಕೊಳ್ಳಿ ಮಾಮ" ಎಂದಳು. ಇವರು ಕತ್ತಿ ಕೊಟ್ಟರು. ಅವರಿಗೆ ಅದೇ ಒಂದು ಭಾಷಣ.

ಇಂದು ಕಲ್ಲು ಸಾಗಿಸುವ ದಿನ. ದಡದಿಂದ ನಡುಹೊಳೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡುವುದು. ಝೈನಬ, ನಾನು, ಡೋನಾ, ನೆರೆಮನೆಯ ಪೂವಮ್ಮ, ಆಚೆ ಗಂಡಸರು. ಡೋನಾಗೂ ಪೂವಮ್ಮನಿಗೂ ನಡುವೆ ಒಂದಾಳಿನ ಜಾಗ ಖಾಲಿ. ಕಲ್ಲು ಎರಡು ಸಲ ನೀರಿಗೆ ಬಿತ್ತು. "ಇಲ್ಲಿಗೆ ಒಬ್ಬರು ಬೇಕಲ್ಲ, ಯಾರನ್ನು ಕರೆಯುದು?" ಎಂದು ಮಮ್ಮು ಕೇಳಿದ. ಇವರು ಊರಿನ ನಾಲ್ಕೈದು ಹೆಸರು ಹೇಳಿದರು. ಎಲ್ಲರಿಗೂ ಒಂದೊಂದು ಕೆಲಸ.

ನಾನು ಡೋನಾಳ ತುಟಿ ನೋಡುತ್ತಿದ್ದೆ. ಅವಳ ಕೈಯಲ್ಲಿ ದೊಡ್ಡ ಕಲ್ಲು ಇತ್ತು. ಅದನ್ನು ಕೆಳಗಿಡದೆ ನಿಮ್ಮ ಹೆಸರು ಹೇಳಿದಳು.

ಅಂಚೆಗೆ ಹಾಕಿದರೆ ತಡವಾಗುತ್ತದೆ. ಮಮ್ಮುವಿನ ಅಳಿಯ ಇಮ್ತಿಯಾಝ್ ಬೆಳಿಗ್ಗೆ ಪಿಕಪ್ ತೆಗೆದುಕೊಂಡು ಕಡಬಕ್ಕೆ ಬರುತ್ತಾನೆ, ಇದನ್ನು ಅವನ ಕೈಯಲ್ಲಿ ಕೊಡುತ್ತೇನೆ. ಮಧ್ಯಾಹ್ನ ವಾಪಸ್ ಹೊರಡುತ್ತಾನೆ. ಹಳೆಯ ಸೀರೆ ಉಟ್ಟುಕೊಂಡು ಬನ್ನಿ, ಹೊಳೆಯಲ್ಲಿ ನೀರು ಮೊಣಕಾಲಿನವರೆಗೆ ಉಂಟು.

ಪ್ರೇಮಾವತಿ